ಮೇಲಿನ ಮನೆಯ ಷೇಡು, ಕೆಳಗಿನ ಮನೆಯ ಕಿಟಕಿ

ಪರದೆಯಕ್ಕ ಊಟದ ತಟ್ಟೆಗಳನ್ನು ತೊಳೆದು, ಕೈ ಒರೆಸಿಕೊಂಡು ಹೊಲಿಗೆ ಕೋಣೆಗೆ ಬರುವಷ್ಟರಲ್ಲಿ ಅತ್ತೆ ಮಂಗಮಾಯ. ಮೊದಲ ದಿನ ಅವಳು ಬಚ್ಚಲಲ್ಲಿ ನೋಡಿದಳು, ಹಿತ್ತಲಲ್ಲಿ ನೋಡಿದಳು, ಬೀದಿ ಬಾಗಿಲಲ್ಲಿ ನಿಂತು ಎರಡೂ ಕಡೆ ಕತ್ತು ಚಾಚಿ ನೋಡಿದಳು. ಕೊನೆಗೆ ಅತ್ತೆಯ ಕೆಮ್ಮು ಕೇಳಿಸಿದ್ದು ನೆತ್ತಿಯ ಮೇಲಿನ ಚಾವಣಿಯಿಂದ. ಆಮೇಲೆ ಅವಳು ಹುಡುಕುವುದನ್ನು ಬಿಟ್ಟಳು. ಊಟ ಮುಗಿಯುವುದೇ ತಡ, ಅತ್ತೆ ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಕಿರಿ ಸೊಸೆಯ ಮನೆಗೆ ಹೋಗಿ ಮಲಗುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿದು ಬರುತ್ತಿದ್ದರು. ಮುಖ ಹಗುರವಾಗಿರುತ್ತಿತ್ತು. ಪರದೆಯಕ್ಕನಿಗೆ ಸಹಿಸಲಾಗದಿದ್ದದ್ದು ಮುಖ್ಯವಾಗಿ ಆ ಹಗುರವಾದ ಮುಖವನ್ನು.

ಪರದೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಆ ಬೀದಿಯಲ್ಲಿ, ಪಕ್ಕದ ಬೀದಿಯಲ್ಲಿ, ದೊಡ್ಡ ರಸ್ತೆಯ ಆಚೆಗಿನ ಮಹಡಿಮನೆಗಳಲ್ಲಿ ಕಿಟಕಿಗೆ ತೂಗುಬಿದ್ದ ಪರದೆಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯವೇ. ದಾರಿಯಲ್ಲಿ ಹೋಗುವಾಗ ಅವಳು ಮನೆಗಳನ್ನು ನೋಡುತ್ತಿರಲಿಲ್ಲ, ಕಿಟಕಿಗಳನ್ನು ನೋಡುತ್ತಿದ್ದಳು. ‘ಇದರ ಅಂಚು ಇನ್ನೂ ಗಟ್ಟಿಯಿದೆ’, ‘ಇವರು ತೊಳೆದೇ ಇಲ್ಲ, ಕೊಳಕರು’ ಎಂದು ಒಳಗೊಳಗೇ ಅಂಕ ಹಾಕಿಕೊಂಡು ಹೋಗುತ್ತಿದ್ದಳು.

ಹೊಲಿಗೆ ಯಂತ್ರ ಮೊದಲು ಅತ್ತೆಯದೇ. ಕಣ್ಣು ಮಂಜಾಗತೊಡಗಿದಾಗ ಅವರು ಹೊಸದಾಗಿ ಬಂದ ಹಿರಿ ಸೊಸೆಯನ್ನು ಅದರ ಮುಂದೆ ಕೂರಿಸಿ, ತಾವು ಪಕ್ಕದ ಮಂಚದ ಮೇಲೆ ಕೂತು, ಬರೀ ಬಾಯಲ್ಲೇ ಹೊಲಿಗೆ ಕಲಿಸಿದವರು. ಆಮೇಲೆ ಸೊಸೆ ಹೊಲಿಯುವುದು, ಅತ್ತೆ ಕಚ್ಚಾ ಹೊಲಿಗೆಯ ದಾರ ಎಳೆದು ತೆಗೆಯುವುದು. ಅದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಗಂಡಂದಿರ ದೂರು, ನೆಂಟರ ಸಣ್ಣತನ, ಬೀದಿಯ ಸುದ್ದಿ ಎಲ್ಲವೂ ಆ ಕೋಣೆಯಲ್ಲಿ, ಯಂತ್ರದ ಸದ್ದಿನ ನಡುವೆ ಬಿಡುವು ಸಿಕ್ಕಾಗಲೆಲ್ಲ, ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಬೀಳುತ್ತಿತ್ತು. ಪರದೆಯಕ್ಕನ ತಾಯಿ ಹೋದದ್ದು ಅವಳ ಚಿಕ್ಕ ವಯಸ್ಸಿನಲ್ಲಿ. ಅಮ್ಮ ಅಂದರೆ ಇವರೇ ಎಂದು ಅವಳು ಯಾರೆದುರೂ ಹೇಳಿದವಳಲ್ಲ, ಆದರೆ ಹಾಗೇ ಅಂದುಕೊಂಡು ಬದುಕಿದವಳು.

ಆ ಕೋಣೆಯ ಕಿಟಕಿ ದೊಡ್ಡದು. ಅದಕ್ಕೆ ಅವಳೇ ಹೊಲಿದ, ಒಳಗೆ ಲೈನಿಂಗ್ ಕೊಟ್ಟ ದಪ್ಪ ಪರದೆ. ಅದು ಹಗಲಿಡೀ ಎಳೆದೇ ಇರುತ್ತಿತ್ತು. ಗಿರಾಕಿಗಳ ಬಟ್ಟೆ ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ. ಬಿಸಿಲು ತಾಗಿ ಒಂದು ಮಡಿಕೆ ಬಣ್ಣ ಬಿಟ್ಟರೂ ಗಿರಾಕಿಯ ಬಾಯಿಗೆ ಯಾರು ಉತ್ತರ ಹೇಳುತ್ತಾರೆ? ಕೆಲಸಕ್ಕೆ ದೀಪವಿತ್ತು. ಅತ್ತೆಯ ಮಂಚ ಆ ಕಿಟಕಿಯ ಕೆಳಗೇ ಇತ್ತು.

ಇನ್ನು ಓರಗಿತ್ತಿ. ಮೈದುನನ ಹೆಂಡತಿ, ಮೇಲಿನ ಮನೆಯವಳು. ಕನ್ನಡಕದ ಅಂಗಡಿಯಲ್ಲಿ ಬೆಳಗಿನ ಪಾಳಿ ಕೆಲಸ; ಗಿರಾಕಿಯ ಮೂಗಿನ ಮೇಲೆ ಅಳತೆಪಟ್ಟಿ ಇಟ್ಟು ಎರಡು ಕಣ್ಣಿನ ನಡುವಿನ ದೂರವನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದುಕೊಳ್ಳುವವಳು. ಮಾತು ಮೆತ್ತಗೆ, ನಡೆ ಮೆತ್ತಗೆ. ಅವಳ ಮೇಲೆ ಪರದೆಯಕ್ಕನಿಗೆ ಮೊದಲಿಂದಲೂ ದ್ವೇಷವೇನೂ ಇರಲಿಲ್ಲ. ಅವಳು ಈ ಮನೆಗೆ ಬಂದಾಗ ಮೇಲಿನ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟವಳು ಇವಳೇ. ಚಳಿ ಶುರುವಾಗುವ ಮುಂಚೆ ಒಂದು ದಿನ ಓರಗಿತ್ತಿ ಆ ಪರದೆಗಳನ್ನು ಒಗೆದು, ಇಸ್ತ್ರಿ ಹಾಕಿ, ಮಡಿಸಿ ತಂದು ಕೈಗಿಟ್ಟಳು.

“ಅಕ್ಕಾ, ಮೇಲೆ ಕಿಟಕಿಗಳಿಗೆ ಹೊಸ ಷೇಡು ಹಾಕಿಸಿದ್ವಿ, ಎಳೆದ್ರೆ ಇಳಿಯೋ ಅಂಥದ್ದು. ಜೇನುಗೂಡಿನ ಥರ ಒಳಗೆ ಗೂಡುಗೂಡು ಇರತ್ತಲ್ಲ, ಅದು. ಗೂಡಿನೊಳಗೆ ಗಾಳಿ ನಿಂತುಬಿಡತ್ತೆ, ಚಳಿ ಒಳಗೆ ಬರಲ್ಲ, ಬಿಸಿ ಹೊರಗೆ ಹೋಗಲ್ಲ. ಇವನ್ನ ಯಾರಿಗಾದ್ರೂ ಬೇಕಾದ್ರೆ ಕೊಡಿ, ಚೆನ್ನಾಗೇ ಇವೆ.”

ಚೆನ್ನಾಗೇ ಇವೆಯಂತೆ! ಪರದೆಯಕ್ಕ ನಕ್ಕು, “ಆಯ್ತಮ್ಮ, ಇಡು ಅಲ್ಲಿ,” ಎಂದಳು. ಒಳಗೆ ಹೋಗಿ ಆ ಪರದೆಗಳನ್ನು ಬೀರುವಿನ ತಳಕ್ಕೆ ತುರುಕಿ, ಬೀರುವಿನ ಬಾಗಿಲನ್ನು ಧಡಾರನೆ ಹಾಕಿದಳು. ಇಷ್ಟಾದರೂ ಮರೆಯುತ್ತಿದ್ದಳೇನೋ. ಆದರೆ ಅದಾದ ಕೆಲವೇ ದಿನಕ್ಕೆ ಅತ್ತೆ ಮಧ್ಯಾಹ್ನದ ನಿದ್ದೆಗೆ ಮೇಲೆ ಹತ್ತತೊಡಗಿದರು. ಕಚ್ಚಾ ದಾರಗಳು ಬಿಚ್ಚುವವರಿಲ್ಲದೆ ಬಟ್ಟೆಯಲ್ಲೇ ಉಳಿದವು. ಕೋಣೆಯಲ್ಲಿ ಯಂತ್ರದ ಸದ್ದೊಂದೇ. ಸುತ್ತಿ ಬಳಸಿ ಹೇಳುವುದೇನಿದೆ, ಅವಳಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಉರಿಯುವ ಹೊಟ್ಟೆಗೆ ಎಣ್ಣೆ ಬಿದ್ದದ್ದು ಒಂದು ಸಂಜೆ. ಮೆಟ್ಟಿಲ ಕೆಳಗೆ ಬಟ್ಟೆ ಒಣಹಾಕುತ್ತಿದ್ದಾಗ ಮೇಲಿನಿಂದ ಓರಗಿತ್ತಿಯ ಮೆತ್ತನೆಯ ದನಿ ಕೇಳಿಸಿತು.

“ಅತ್ತೆ, ದಿನಾ ಹತ್ತಿ ಇಳಿದು ಯಾಕೆ ಕಷ್ಟಪಡ್ತೀರಿ? ತಿಂಗಳ ಕೊನೇಲಿ ಇವರಿಗೆ ರಜಾ ಇದೆ. ನಿಮ್ಮ ಮಂಚ ಮೇಲೇ ತರಿಸಿಬಿಡೋಣ್ವಾ?”

ಅತ್ತೆ ಬೇಡ ಎನ್ನಲಿಲ್ಲ. “ನೋಡೋಣ,” ಎಂದರು. ಅತ್ತೆಯ ‘ನೋಡೋಣ’ ಎಂದರೆ ಏನೆಂದು ಹಿರಿ ಸೊಸೆಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಅದು ಹೂಂ ಎಂಬುದರ ತಂಗಿ. ಒದ್ದೆ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. ಮಂಚ ಮೇಲೆ ಹೋದರೆ ಆಯಿತು, ಮುಗಿಯಿತು. ಮಂಚದ ಹಿಂದೆ ಅತ್ತೆಯ ಪೆಟ್ಟಿಗೆ ಹೋಗುತ್ತದೆ, ಪೆಟ್ಟಿಗೆಯ ಹಿಂದೆ ಕನ್ನಡಕ, ಕೈಕೋಲು, ಬಿಸಿನೀರಿನ ಚೀಲ. ಆಮೇಲೆ ಅತ್ತೆಯನ್ನು ನೋಡಬೇಕೆಂದರೆ ಇವಳು ಕಿರಿಯಳ ಬಾಗಿಲು ತಟ್ಟಬೇಕು, ನೆಂಟಳ ಹಾಗೆ.

ಆ ರಾತ್ರಿ ಊಟಕ್ಕೆ ಕೂತ ಗಂಡನಿಗೆ ಅವಳು ಒಂದು ಕೆಲಸ ಹಚ್ಚಿದಳು. ಗಂಡ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದವನು, ತಾನಾಯಿತು ತನ್ನ ಪಂಪಾಯಿತು ಎನ್ನುವ ಜೀವ.

“ಮೇಲೆ ಹೋಗಿ ಆ ಷೇಡು ನೋಡಿ ಬನ್ನಿ. ಒಂದು ಸಾಲು ಗೂಡೋ ಎರಡು ಸಾಲೋ ಸರಿಯಾಗಿ ನೋಡಿ. ಬಣ್ಣ ನೋಡಿ. ಕಿಟಕಿ ಚೌಕಟ್ಟಿನ ಒಳಗೆ ಕೂರಿಸಿದ್ದಾರೋ ಹೊರಗೋ ಅದೂ ನೋಡಿ.”

“ನೀನೇ ಹೋಗಿ ನೋಡಬಾರದಾ? ಹತ್ತು ಮೆಟ್ಟಿಲು.”

“ನಾನು ಹೋಗಲ್ಲ.”

ಗಂಡ ಹೋದ. ತಮ್ಮನ ಮನೆಯಲ್ಲಿ ಕಾಫಿ ಕುಡಿದು, ಹರಟೆ ಹೊಡೆದು, ಆಕಳಿಸುತ್ತಾ ಇಳಿದು ಬಂದ.

“ಬಿಳಿ ಬಣ್ಣ. ಚೌಕಟ್ಟಿನ ಒಳಗೇ ಇದೆ.”

“ಗೂಡು? ಒಂದು ಸಾಲಾ, ಎರಡಾ?”

“ಗೂಡು ಯಾವುದೂ ಕಾಣಲಿಲ್ಲಪ್ಪ. ಹಕ್ಕಿನೂ ಇರಲಿಲ್ಲ.”

“ನಿಮ್ಮನ್ನ ಕಳಿಸಿದ ನನಗೆ ಬುದ್ಧಿ ಇಲ್ಲ!” ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಒಂದು ಸಾಲೋ ಎರಡು ಸಾಲೋ, ತನ್ನದು ಮೇಲಿನದಕ್ಕಿಂತ ಒಂದು ಕೈ ಮೇಲಿರಬೇಕು. ಮಾರನೆಯ ಬೆಳಿಗ್ಗೆ ಅವಳು ಯಂತ್ರಕ್ಕೆ ಮುಸುಕು ಹಾಕಿ, ದೊಡ್ಡ ರಸ್ತೆಯ ಷೇಡಿನ ಅಂಗಡಿಗೆ ಹೋದಳು. ಅಷ್ಟು ವರ್ಷ ಆ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಓಡಾಡಿದವಳು. ಅವಳ ಗಿರಾಕಿಗಳನ್ನು ಒಬ್ಬೊಬ್ಬರಾಗಿ ನುಂಗುತ್ತಿದ್ದದ್ದು ಅದೇ ಅಂಗಡಿ. ಅಂಗಡಿಯಲ್ಲಿದ್ದ ಹೆಂಗಸು ಮೇಜಿನ ಮೇಲೆ ಮಾದರಿಗಳನ್ನು ಹರಡಿದಳು. ಪರದೆಯಕ್ಕ ಒಂದನ್ನು ಎತ್ತಿ ಪಕ್ಕದಿಂದ ನೋಡಿದಳು. ಷಟ್ಕೋನದ ಗೂಡುಗಳು, ಒಂದರ ಕೆಳಗೆ ಒಂದು, ಬೆರಳು ತೂರುವಷ್ಟು. ಎಳೆದರೆ ಉದ್ದವಾಗಿ ಇಳಿಯುತ್ತಿತ್ತು, ಬಿಟ್ಟರೆ ಮಡಿಮಡಿಯಾಗಿ ಅಂಗೈಯಷ್ಟಕ್ಕೆ ಕೂರುತ್ತಿತ್ತು. ಎಲ್ಲಿಯೂ ಒಂದು ಹೊಲಿಗೆ ಇಲ್ಲ. ಒಂದೇ ಒಂದು ಹೊಲಿಗೆ ಇಲ್ಲ! ಅವಳಿಗೆ ಆ ವಸ್ತುವಿನ ಮೇಲೂ ಹೊಟ್ಟೆಕಿಚ್ಚಾಯಿತು.

“ಇದು ಬಟ್ಟೆನೋ ಕಾಗದಾನೋ?”

“ಬಟ್ಟೆನೇ ಮೇಡಂ, ನೇಯದ ಬಟ್ಟೆ. ಒಂದು ಸಾಲಿನದು ಇದೆ, ಎರಡು ಸಾಲಿನದು ಇದೆ. ಚಳಿ ಜಾಸ್ತಿ ಇರೋ ಕೋಣೆ ಅಂದ್ರೆ ಎರಡು ಸಾಲಿಂದು ಒಳ್ಳೇದು. ಬೆಳಕು ಸೋಸಿ ಬರಬೇಕಾ, ಪೂರ್ತಿ ಕತ್ತಲೆ ಆಗಬೇಕಾ?”

“ಎಲ್ಲರೂ ಜಾಸ್ತಿ ಯಾವುದು ತಗೋತಾರೆ?”

“ಒಂದು ಸಾಲಿಂದು, ಬೆಳಕು ಬರೋದು.”

“ಹಾಗಾದ್ರೆ ನನಗೆ ಎರಡು ಸಾಲಿಂದು, ಕತ್ತಲೆ ಆಗೋದು.”

ಎಳೆಯುವ ಹಗ್ಗ ಬೇಕೋ ಬೇಡವೋ ಎಂದರೆ ಬೇಡ ಎಂದಳು, ಏಕೆಂದರೆ ಹಗ್ಗವಿಲ್ಲದ್ದು ಮೇಲಿನ ದರ್ಜೆಯದು. ಅಂಚಿನಿಂದ ಗಾಳಿ ನುಸುಳದ ಹಾಗೆ ಪಕ್ಕದ ಪಟ್ಟಿ ಬೇಕೋ ಎಂದರೆ ಬೇಕು ಎಂದಳು. ಬಣ್ಣ ಕೇಳಿದಾಗ ಮಾತ್ರ ಕೈ ತಡೆಯಿತು. ಬಿಳಿ ಬೇಡ. ಕೊನೆಗೆ ಕೆನೆಬಣ್ಣವನ್ನು ಆರಿಸಿದಳು. ಬಿಳಿ ಬೇಗ ಕೊಳೆಯಾಗುತ್ತದೆ, ಅದು ಕಿರಿಯಳಿಗೆ ಮುಂದೆ ಗೊತ್ತಾಗುತ್ತದೆ ಎಂದುಕೊಂಡಾಗ ಸ್ವಲ್ಪ ಸಮಾಧಾನವೂ ಆಯಿತು.

“ಚೌಕಟ್ಟಿನ ಒಳಗೆ ಕೂರೋ ಹಾಗೆ ತಾನೆ? ಅಳತೆ ತಗೊಳ್ಳೋಕೆ ನಮ್ಮವರನ್ನ ಕಳಿಸ್ತೀವಿ ಮೇಡಂ.”

ಪರದೆಯಕ್ಕನಿಗೆ ಮೈಯೆಲ್ಲ ಉರಿಯಿತು. “ಒಳಗೇ ಕೂರಬೇಕು. ಆದ್ರೆ ನನ್ನ ಮನೆ ಕಿಟಕಿ ಅಳೆಯೋಕೆ ನಿಮ್ಮವರು ಬರಬೇಕಾ? ಈ ಬೀದಿ ಕಿಟಕಿಯೆಲ್ಲ ಅಳೆದಿರೋಳು ನಾನು. ಅಳತೆ ನಾನೇ ಕೊಡ್ತೀನಿ, ಬರ್ಕೊಳ್ಳಿ.”

ಕಣ್ಣು ಮುಚ್ಚಿ ಕೊಟ್ಟಳು. ಪರದೆ ಹೊಲಿಯುವವರ ಅಳತೆ ಅವಳ ಬೆರಳಿನಲ್ಲೇ ಇತ್ತು: ಕಿಟಕಿ ಎಷ್ಟಿದೆಯೋ ಅಷ್ಟು, ಅದರ ಮೇಲೆ ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು. ಬಟ್ಟೆ ಕಡಿಮೆ ಬಿದ್ದರೆ ಬಾಳು ಮುಳುಗಿತು, ಹೆಚ್ಚಾದರೆ ಮಡಿಸಿ ಹೊಲಿಯಬಹುದು. ಆ ಗೇಣುಗಳನ್ನು ಸೇರಿಸುವಾಗ ಅವಳು ಯೋಚಿಸಲೂ ಇಲ್ಲ, ಉಸಿರಾಡುವಾಗ ಯಾರು ಯೋಚಿಸುತ್ತಾರೆ? “ದೊಡ್ಡ ಕಿಟಕಿ ಮೇಡಂ ನಿಮ್ದು,” ಎಂದಳು ಅಂಗಡಿಯವಳು. “ಹೌದು ಮತ್ತೆ,” ಎಂದಳು ಇವಳು, ಹೆಮ್ಮೆಯಿಂದ.

ಷೇಡು ಬರುವ ತನಕ ಅವಳು ಓರಗಿತ್ತಿಯೊಂದಿಗೆ ಬೆಣ್ಣೆಯ ಹಾಗೆ ಇದ್ದಳು. ಒಂದು ಮಧ್ಯಾಹ್ನ ಕೆಲಸದಿಂದ ಬಂದವಳು ಮೆಟ್ಟಿಲ ಬಳಿ ನಿಂತು, “ಅಕ್ಕಾ, ನೀವೂ ಷೇಡು ಹಾಕಿಸ್ತಿದ್ದೀರಂತೆ. ಅಳತೆ ಕೊಡೋವಾಗ ಮಾತ್ರ ಸ್ವಲ್ಪ...” ಎಂದು ಶುರುಮಾಡಿದಳು.

“ಅಳತೆ ನನಗೆ ಹೇಳಿಕೊಡ್ತೀಯೇನಮ್ಮ?” ಎಂದಳು ಪರದೆಯಕ್ಕ, ಮುಖ ತುಂಬ ನಗುತ್ತ. ಓರಗಿತ್ತಿ ಮೇಲೆ ಹೋದಳು.

ಷೇಡು ಕೂರಿಸುವವನು ಬಂದ ದಿನ ಅವಳು ಬೆಳಿಗ್ಗೆಯೇ ಹಳೆಯ ಪರದೆಯನ್ನು ಕಿತ್ತು, ಹಿತ್ತಲ ತೊಟ್ಟಿಯಲ್ಲಿ ಸೋಪಿನ ನೀರಿಗೆ ಹಾಕಿದ್ದಳು. ಇನ್ನು ಅದರ ಮುಖ ನೋಡುವುದಿಲ್ಲ ಎಂಬ ಧೈರ್ಯ. ಅವನು ಏಣಿ ಹತ್ತಿ, ಪರದೆಯ ಸಲಾಕೆ ಬಿಚ್ಚಿ, ಕೊಂಡಿ ಕಿತ್ತು, ಗೋಡೆಯ ತೂತುಗಳಿಗೆ ಬಿಳಿ ಗಾರೆ ಮೆತ್ತಿದ. ಆಮೇಲೆ ಉದ್ದನೆಯ ಪೆಟ್ಟಿಗೆ ಬಿಚ್ಚಿ ಷೇಡನ್ನು ಕಿಟಕಿಗೆ ಅಡ್ಡ ಹಿಡಿದ. ಅದು ಚೌಕಟ್ಟಿನ ಆ ಕಡೆಗೂ ಈ ಕಡೆಗೂ ಚಾಚಿಕೊಂಡು ನಿಂತಿತು. ಅವನು ಓರೆ ಮಾಡಿದ, ತಿರುಗಿಸಿದ, ಕೆಳಗಿಳಿದು ತಲೆ ಕೆರೆದುಕೊಂಡ.

“ಇದು ಒಳಗೆ ಹೋಗಲ್ಲ ಅಮ್ಮ. ಎರಡೂ ಕಡೆ ಒಂದೊಂದು ಗೇಣು ಜಾಸ್ತಿ ಇದೆ.”

ಅವಳಿಗೆ ಆ ಕ್ಷಣಕ್ಕೇ ಹೊಳೆಯಿತು. ಕಪಾಳಕ್ಕೆ ಹೊಡೆಸಿಕೊಂಡವಳ ಹಾಗೆ ನಿಂತಳು.

“ಮಡಿಸೋಕೆ ಆಗಲ್ವಾ?” ಎಂದು ಕೇಳಿಯೂ ಬಿಟ್ಟಳು.

“ಅಂಚು ಮಡಿಸೋಕೆ ಇದು ಪರದೆ ಅಲ್ವಲ್ಲಮ್ಮ. ಹೊರಗಡೆ ಗೋಡೆಗೆ ಹಾಕೋಣ ಅಂದ್ರೆ ಈ ಪಕ್ಕ ಗೋಡೆ ಬೀರು ಇದೆ. ತಗೊಂಡು ಹೋಗಿ ಕತ್ತರಿಸಿ ತರಬೇಕು. ಟೈಮಾಗತ್ತೆ.”

ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹೋದ. ಪರದೆಯಕ್ಕ ಒಬ್ಬಳೇ ಕೋಣೆಯ ನಡುವೆ ನಿಂತಿದ್ದಳು. ಪರದೆ ತೊಟ್ಟಿಯಲ್ಲಿ, ಸಲಾಕೆ ಮೂಲೆಯಲ್ಲಿ, ಕೊಂಡಿಯ ತೂತುಗಳಲ್ಲಿ ಹಸಿ ಗಾರೆ. ತಿಂಗಳ ಕೊನೆ ಹತ್ತಿರ ಬಂದಿತ್ತು, ಅದರ ಜೊತೆಗೆ ಮೈದುನನ ರಜೆಯೂ. ಕಿರಿಯಳು ಕೆಲಸದಿಂದ ಬಂದು ಈ ಬೋಳು ಕಿಟಕಿಯನ್ನು ನೋಡುತ್ತಾಳೆ, ‘ಅಯ್ಯೋ ಅಕ್ಕಾ’ ಎನ್ನುತ್ತಾಳೆ, ಅದೂ ಮೆತ್ತಗೆ. ಊರಿಗೆಲ್ಲ ಕಿಟಕಿ ಅಳೆದವಳು ತನ್ನ ಕಿಟಕಿಗೆ ಎಡವಿದ್ದಳು. ಸಿಟ್ಟಿಗೆ ಅಳು ಬಂತು. ಅಳುವಿಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಬಿಸಿಲು ಕಿಟಕಿಗೆ ತಿರುಗಿತು. ತಡೆಯುವವರಿಲ್ಲದೆ ನೇರ ಒಳಗೆ ಬಂದು, ಮಂಚದ ಮೇಲೆ ಹತ್ತಿ, ನೆಲಕ್ಕಿಳಿದು, ಮೇಜಿನ ಕಾಲಿನವರೆಗೆ ಬಂತು. ಗಿರಾಕಿಗಳ ಬಟ್ಟೆ! ಅವಳು ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ರಾಶಿಯನ್ನು ಬಾಚಿ ಒಳಕೋಣೆಗೆ ಸಾಗಿಸಿದಳು. ಕೊನೆಯ ಹೊರೆ ಇಟ್ಟು ಬರುವಾಗ ಊಟ ಮುಗಿಸಿದ ಅತ್ತೆ ಮೆಟ್ಟಿಲಿಗೆ ಹೊರಟವರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕಿರಿದು ಮಾಡಿಕೊಂಡು ಒಳಗೆ ನೋಡುತ್ತಿದ್ದರು.

“ಇದೇನೇ ಇದು, ಇಷ್ಟು ಬೆಳಕು?”

ಅತ್ತೆ ಗೋಡೆ ಹಿಡಿದುಕೊಂಡು ಬಂದರು, ತಮ್ಮ ಮಂಚವನ್ನು ಅಂಗೈಯಿಂದ ಸವರಿ ನೋಡಿದರು. ಹಾಸಿಗೆ ಬೆಚ್ಚಗಿತ್ತು. ಕೂತರು, ಆಮೇಲೆ ಕಾಲು ಚಾಚಿ ಮಲಗಿದರು. ಒಣಗಿ ಬಿರುಕುಬಿಟ್ಟ ಎರಡು ಪಾದಗಳ ಮೇಲೆ ಬಿಸಿಲು ಬಿತ್ತು.

“ಹಾ,” ಎಂದರು. “ಈ ಕಿಟಕೀಲಿ ಬಿಸಿಲು ಬರತ್ತೆ ಅನ್ನೋದೇ ನನಗೆ ಮರೆತುಹೋಗಿತ್ತು ಕಣೇ.”

ಪರದೆಯಕ್ಕ ಮಂಚದ ಅಂಚಿಗೆ ಕೂತಳು. ಕೇಳಬಾರದು ಎಂದುಕೊಂಡರೂ ಕೇಳಿಬಿಟ್ಟಳು. “ಅತ್ತೆ, ಮೇಲೆ ಆ ಷೇಡಿಂದ ಅಷ್ಟೊಂದು ಬೆಚ್ಚಗಿರತ್ತಾ?”

“ಯಾವ ಷೇಡು?”

“ಅದೇ, ಅವಳು ಹಾಕಿಸಿದ್ದು. ಜೇನುಗೂಡಿನ ಥರದ್ದು.”

“ನಾನು ನೋಡಿಲ್ಲಮ್ಮ. ನಾನು ಹೋದಾಗ ಕಿಟಕಿ ತೆರೆದೇ ಇರತ್ತೆ. ಏನೋ ಮೇಲಕ್ಕೆ ಎತ್ತಿ ಮಡಚಿಟ್ಟಿರ್ತಾಳೆ.” ಅತ್ತೆ ಒಂದು ಪಾದದಿಂದ ಇನ್ನೊಂದನ್ನು ಉಜ್ಜಿಕೊಂಡರು. “ಕಾಲಿಗೆ ಬಿಸಿಲು ಬೀಳತ್ತೆ. ಕಾಲು ತಣ್ಣಗಿದ್ರೆ ನನಗೆ ನಿದ್ದೆ ಹತ್ತಲ್ಲ.”

“ನನಗೆ ಹೇಳಬಾರದಿತ್ತಾ?”

“ನಿನ್ನ ಗಿರಾಕಿಗಳ ಬಟ್ಟೆ ಹಾಳಾಗತ್ತಲ್ಲೇ,” ಎಂದರು ಅತ್ತೆ, ಅದೇನು ಕೇಳುವ ಮಾತೇ ಎಂಬ ಹಾಗೆ. ಸ್ವಲ್ಪ ಹೊತ್ತಿಗೆ ಬಾಯಿ ತುಸು ತೆರೆದು ಗೊರಕೆ ಶುರುವಾಯಿತು.

ಪರದೆಯಕ್ಕ ಅಲ್ಲೇ ಕೂತಳು. ಅಷ್ಟು ವರ್ಷ ಈ ಮಂಚವನ್ನು ಕತ್ತಲಲ್ಲಿ ಇಟ್ಟವಳು ತಾನು, ಯಾರದೋ ಮನೆಯ ಬಟ್ಟೆಯ ಬಣ್ಣಕ್ಕಾಗಿ. ಅದು ಚುಚ್ಚಿತು, ಚೆನ್ನಾಗಿಯೇ ಚುಚ್ಚಿತು. ಆದರೆ ಅದರ ಜೊತೆಜೊತೆಗೇ ಒಂದು ಸಣ್ಣ ಖುಷಿಯೂ ಎದೆಯಲ್ಲಿ ಕುಣಿಯುತ್ತಿತ್ತು, ಅದನ್ನೇನೂ ಅವಳು ಅದುಮಲಿಲ್ಲ. ಅತ್ತೆ ಮೇಲೆ ಹೋಗಿದ್ದದ್ದು ಕಿರಿಯಳಿಗಾಗಿ ಅಲ್ಲ! ಅವಳ ಷೇಡಿಗಾಗಿಯೂ ಅಲ್ಲ!

ಬಾಗಿಲಲ್ಲಿ ನೆರಳಾಡಿತು. ಓರಗಿತ್ತಿ, ಕೆಲಸದಿಂದ ಬಂದವಳು ಮೇಲೆ ಅತ್ತೆ ಕಾಣದೆ ಹುಡುಕಿಕೊಂಡು ಇಳಿದಿದ್ದಳು. ಗೊರಕೆ ಹೊಡೆಯುತ್ತಿದ್ದ ಅತ್ತೆಯನ್ನು ನೋಡಿದಳು, ಅತ್ತೆಯ ಮುಖದ ಹಗುರವನ್ನು ನೋಡಿದಳು. ಆಮೇಲೆ ಕಿಟಕಿಯತ್ತ ನೋಡಿ ಪಿಸುಗುಟ್ಟಿದಳು.

“ಷೇಡು ಬಂತಾ ಅಕ್ಕಾ? ಯಾವುದು ಹಾಕಿಸಿದ್ರಿ?”

“ಏನೂ ಹಾಕಿಸಿಲ್ಲ.”

ಓರಗಿತ್ತಿ ಒಳಗೆ ಬಂದು ಚೌಕಟ್ಟಿನ ಮೇಲ್ಭಾಗಕ್ಕೆ ಕತ್ತೆತ್ತಿ ನೋಡಿದಳು, ಕೈಯಾಡಿಸಿ ನೋಡಿದಳು. ಗಾಜಿಗೇ ಏನಾದರೂ ಅಂಟಿಸಿದ್ದಾರೇನೋ ಎಂದು ಉಗುರಿನಿಂದ ಕೆರೆದೂ ನೋಡಿದಳು. ಮೂಲೆಯಲ್ಲಿ ಷೇಡಿನ ಪೆಟ್ಟಿಗೆಯಿಂದ ಬಿದ್ದ ರಟ್ಟಿನ ತುಂಡು ಅವಳ ಕಣ್ಣಿಗೆ ಬಿತ್ತು.

“ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ ಅಕ್ಕಾ,” ಎಂದಳು. ದನಿ ಮೆತ್ತಗಿರಲಿಲ್ಲ. “ನಾನು ಎಷ್ಟು ಅಂಗಡಿ ಸುತ್ತಿ ಆರಿಸಿದ್ದೆ ಗೊತ್ತಾ? ಅತ್ತೆ ಒಂದು ದಿನಾನಾದ್ರೂ ಚೆನ್ನಾಗಿದೆ ಅಂದಿದ್ರೆ! ಮೇಲೆ ಬಂದ್ರೂ ಬಾಯಿ ತೆಗೆದ್ರೆ ನಿಮ್ಮದೇ ಮಾತು. ಹಿರಿಯೋಳು ಹಾಗೆ ಹೊಲೀತಾಳೆ, ಹಿರಿಯೋಳು ಹೀಗೆ ಹೊಲೀತಾಳೆ.”

ಮಾತಿಗೆ ಎಚ್ಚರವಾಗಿ ಅತ್ತೆ ಕಣ್ಣು ಬಿಡದೆಯೇ ಗೊಣಗಿದರು. “ಮಂಚ ಇಲ್ಲೇ ಇರಲಿ ಕಣ್ರೇ.” ಮತ್ತೆ ಗೊರಕೆ.

ಓರಗಿತ್ತಿಯ ಮುಖದಲ್ಲಿ ಹಾದುಹೋದದ್ದನ್ನು ಪರದೆಯಕ್ಕ ಚೆನ್ನಾಗಿ ಗುರುತಿಸಿದಳು. ಇಡೀ ಚಳಿಗಾಲ ಅದನ್ನು ತನ್ನ ಮುಖದ ಮೇಲೆ ಹೊತ್ತು ತಿರುಗಿದವಳಿಗೆ ಗುರುತು ಹತ್ತದೆ ಇರುತ್ತದೆಯೇ? ಒಂದು ಮಾತು ಹೇಳಿದರೆ ಸಾಕಿತ್ತು: ಷೇಡೂ ಇಲ್ಲ, ಮಂತ್ರವೂ ಇಲ್ಲ, ಮುದುಕಿಯ ಕಾಲಿಗೆ ಬಿಸಿಲು ಬೇಕು ಅಷ್ಟೇ, ಇಲ್ಲಿ ನೋಡು, ಅಳತೆಯಲ್ಲಿ ನಾನೇ ತಪ್ಪಿದೆ. ಮಾತು ನಾಲಿಗೆಯ ತುದಿಗೂ ಬಂತು.

“ಸಂಜೆ ಕಾಫಿಗೆ ಇಲ್ಲೇ ಬಾಮ್ಮ,” ಎಂದಳು ಪರದೆಯಕ್ಕ.

ಓರಗಿತ್ತಿ ತಿರುಗಿ ಮೆಟ್ಟಿಲು ಹತ್ತಿದಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಷೇಡು ಇಳಿಯುವ ಸದ್ದು ಕೇಳಿಸಿತು, ಮತ್ತೆ ಏರುವ ಸದ್ದು, ಮತ್ತೆ ಇಳಿಯುವ ಸದ್ದು. ತನ್ನ ಷೇಡಿನಲ್ಲಿ ಏನು ಕೊರತೆಯೆಂದು ಅವಳು ಹುಡುಕುತ್ತಿದ್ದಳು. ಪರದೆಯಕ್ಕ ಕಿವಿಗೊಟ್ಟು ಕೇಳಿದಳು. ನಾಳೆ ಹೇಳಿದರಾಯಿತು ಎಂದುಕೊಂಡು, ಬಿಸಿಲು ತಾಗದ ಮೂಲೆಗೆ ಯಂತ್ರವನ್ನು ಸದ್ದಾಗದ ಹಾಗೆ ಎಳೆದುಕೊಂಡಳು.